ಒಂದು ಪೌಂಡ್ ಮದ್ದಿನ ಡಬ್ಬಿಯಿಂದ ಎಷ್ಟು ತೋಟೆ ತುಂಬಬಹುದು?

ಪ್ರಶ್ನೆ: ಪೆನ್ಸಿಲ್ವೇನಿಯಾದ ಹೊಸಬ

ಎಲ್ಲರಿಗೂ ನಮಸ್ಕಾರ. ಈ ವರ್ಷ .308 ವಿಂಚೆಸ್ಟರ್ ರೈಫಲ್ ಒಂದನ್ನು ಕೊಂಡಿದ್ದೇನೆ. ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ನಮ್ಮ ರಾಜ್ಯದಲ್ಲಿ ರೈಫಲ್‌ನಿಂದ ಜಿಂಕೆ ಬೇಟೆಯಾಡುವ ಋತು ಆರಂಭವಾಗುತ್ತದೆ. ಅಷ್ಟರೊಳಗೆ ಗುರಿ ಅಭ್ಯಾಸ ಮಾಡಿಕೊಳ್ಳಬೇಕೆಂದರೆ ಅಂಗಡಿಯ ತೋಟೆಗಳ ಬೆಲೆ ಕೈ ಸುಡುತ್ತದೆ. ಆದ್ದರಿಂದ ಖಾಲಿ ಚಿಪ್ಪುಗಳನ್ನು ಉಳಿಸಿಕೊಂಡು, ಮನೆಯಲ್ಲೇ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಕೂರಿಸಿ, ಮದ್ದು ಹಾಕಿ, ಗುಂಡು ಒತ್ತುವ ಕೆಲಸವನ್ನು ಕಲಿಯಲು ತೊಡಗಿದ್ದೇನೆ. ಜೊತೆಗೆ 9 ಎಂಎಂ ಪಿಸ್ತೂಲೂ ಇದೆ.

ನನ್ನ ಗೊಂದಲ ಇಷ್ಟೇ. ಮದ್ದು ಒಂದು ಪೌಂಡ್ ಡಬ್ಬಿಯಲ್ಲಿಯೂ ಎಂಟು ಪೌಂಡ್ ಕ್ಯಾನಿನಲ್ಲಿಯೂ ಸಿಗುತ್ತದೆ. ಒಂದು ಪೌಂಡಿನಿಂದ ಎಷ್ಟು ತೋಟೆಯಾಗುತ್ತದೆ ಎಂದು ಅಭ್ಯಾಸದ ಮೈದಾನದಲ್ಲಿ ಕೇಳಿದರೆ ಒಬ್ಬರು ನೂರೈವತ್ತು ಎನ್ನುತ್ತಾರೆ, ಇನ್ನೊಬ್ಬರು ಸಾವಿರದೈನೂರು ಎನ್ನುತ್ತಾರೆ. ಇಬ್ಬರೂ ಅನುಭವಸ್ಥರೇ. ಮೊದಲ ಸಲಕ್ಕೆ ಎಷ್ಟು ಮದ್ದು, ಎಷ್ಟು ಗುಂಡು, ಎಷ್ಟು ಪ್ರೈಮರ್ ತಂದರೆ ಒಂದಕ್ಕೊಂದು ಹೊಂದಿಕೊಳ್ಳುತ್ತದೆ ಎಂಬುದನ್ನು ಲೆಕ್ಕ ಸಮೇತ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಳೆಯ ತಕ್ಕಡಿ

ಇಬ್ಬರೂ ನಿಜವನ್ನೇ ಹೇಳಿದ್ದಾರೆ. ಒಬ್ಬರು ರೈಫಲಿನ ಲೆಕ್ಕ ಹೇಳಿದರು, ಇನ್ನೊಬ್ಬರು ಪಿಸ್ತೂಲಿನದು. ಈ ಕಸುಬಿನಲ್ಲಿ ತೂಕವನ್ನು ಗ್ರೇನ್‌ಗಳಲ್ಲಿ ಅಳೆಯುತ್ತಾರೆ. ಒಂದು ಪೌಂಡಿಗೆ 7000 ಗ್ರೇನ್, ಒಂದು ಔನ್ಸಿಗೆ 437.5 ಗ್ರೇನ್, ಒಂದು ಗ್ರಾಮಿಗೆ 15.43 ಗ್ರೇನ್. ನಮ್ಮ ಹಿರಿಯರು ಚಿನ್ನ ತೂಗುತ್ತಿದ್ದ ಬ್ರಿಟಿಷ್ ಕಾಲದ ತೊಲ ಸರಿಯಾಗಿ 180 ಗ್ರೇನ್ ಆಗಿತ್ತಾದ್ದರಿಂದ, ನಿಮ್ಮ .308ರ ಒಂದು ಈಡಿಗೆ ಬೇಕಾಗುವ ಮದ್ದು ಹೆಚ್ಚುಕಡಿಮೆ ಕಾಲು ತೊಲ ಎಂದು ಅಂದಾಜಿಸಿಕೊಳ್ಳಬಹುದು.

ಮೂಲ ಲೆಕ್ಕ ಒಂದು ಸಾಲಿನದು: 7000ವನ್ನು ಒಂದು ಚಿಪ್ಪಿಗೆ ಹಾಕುವ ಮದ್ದಿನ ಗ್ರೇನ್‌ಗಳಿಂದ ಭಾಗಿಸಿ. ಒಂದು ಈಡಿಗೆ 43 ಗ್ರೇನ್ ಎಂದಿಟ್ಟುಕೊಂಡರೆ ಪೌಂಡಿಗೆ 162 ತೋಟೆ ಬರುತ್ತದೆ, ಎಂಟು ಪೌಂಡ್ ಕ್ಯಾನಿಗೆ 1302. 9 ಎಂಎಂಗೆ 4.5 ಗ್ರೇನ್ ಎಂದಿಟ್ಟುಕೊಂಡರೆ ಅದೇ ಒಂದು ಪೌಂಡ್ 1555 ತೋಟೆಗಳಾಗುತ್ತದೆ. .223ಕ್ಕೆ 25 ಗ್ರೇನ್ ಆದರೆ 280; .30-06ಕ್ಕೆ 50 ಗ್ರೇನ್ ಆದರೆ 140; .300 ವಿಂಚೆಸ್ಟರ್ ಮ್ಯಾಗ್ನಮ್‌ಗೆ 70 ಗ್ರೇನ್ ಆದರೆ ಸರಿಯಾಗಿ 100. ಇವೆಲ್ಲ ಭಾಗಾಕಾರ ತೋರಿಸಲು ಆರಿಸಿದ ಅಂಕಿಗಳೇ ಹೊರತು ತುಂಬಬೇಕಾದ ಪ್ರಮಾಣಗಳಲ್ಲ. ನೀವು ಕೊಳ್ಳುವ ಮದ್ದಿನ ಹೆಸರು, ಗುಂಡಿನ ತೂಕ ಮತ್ತು ಆಕಾರ, ಚಿಪ್ಪು, ಪ್ರೈಮರ್ ಇವೆಲ್ಲಕ್ಕೂ ಹೊಂದುವ ಕನಿಷ್ಠ ಮತ್ತು ಗರಿಷ್ಠ ಪ್ರಮಾಣಗಳನ್ನು ಮದ್ದು ತಯಾರಕರು ಪ್ರಕಟಿಸುವ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಕನಿಷ್ಠ, ಗರಿಷ್ಠಗಳ ನಡುವೆ ಎಲ್ಲಿ ನಿಲ್ಲುತ್ತೀರಿ ಎಂಬುದು ರೈಫಲಿನ ಎಣಿಕೆಯನ್ನು ಅಷ್ಟಾಗಿ ಬದಲಿಸುವುದಿಲ್ಲ. 43 ಗ್ರೇನ್ ಬದಲು 43.5 ಹಾಕಿದರೆ ಪೌಂಡಿಗೆ ಎರಡು ತೋಟೆ ಕಡಿಮೆಯಾಗುತ್ತದೆ, ಅಷ್ಟೇ. ಅದೇ ಅರ್ಧ ಗ್ರೇನ್ ವ್ಯತ್ಯಾಸ ಪಿಸ್ತೂಲಿನಲ್ಲಿ 4.5ರಿಂದ 4ಕ್ಕೆ ಇಳಿದರೆ 1555 ಇದ್ದದ್ದು 1750 ಆಗುತ್ತದೆ. ಎಣಿಕೆಯಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ತರುವ ಅರ್ಧ ಗ್ರೇನ್, ಆ ಸಣ್ಣ ಚಿಪ್ಪಿನೊಳಗಿನ ಒತ್ತಡದಲ್ಲಿಯೂ ಅಷ್ಟೇ ದೊಡ್ಡ ವ್ಯತ್ಯಾಸ ತರುತ್ತದೆ ಎಂಬುದನ್ನು ಗಮನದಲ್ಲಿಡಿ.

ಗುಂಡಿನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ 168 ಗ್ರೇನ್ ಎಂದೋ 150 ಗ್ರೇನ್ ಎಂದೋ ಮುದ್ರಿಸಿರುತ್ತಾರೆ. ಅದು ಸೀಸ ಮತ್ತು ತಾಮ್ರದ ಗುಂಡಿನ ತೂಕ. ಮದ್ದಿನ ಲೆಕ್ಕದಲ್ಲಿ ಆ ಅಂಕಿಗೆ ಸ್ಥಾನವೇ ಇಲ್ಲ. ಇನ್ನೊಂದು ಮಾತು: ಡಿಜಿಟಲ್ ತಕ್ಕಡಿಗಳಲ್ಲಿ ಗ್ರಾಂ ಮತ್ತು ಗ್ರೇನ್ ಎರಡೂ ಇರುತ್ತವೆ, ಒಂದೇ ಗುಂಡಿಯನ್ನು ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಪ್ರತಿ ಸಲ ಕುಳಿತಾಗಲೂ ತಕ್ಕಡಿಯ ಜೊತೆ ಬಂದಿರುವ ಪರೀಕ್ಷಾ ಬಟ್ಟನ್ನು ಇಟ್ಟು, ಪರದೆಯ ಮೂಲೆಯಲ್ಲಿ ಯಾವ ಮಾನದ ಗುರುತಿದೆ ಎಂದು ಓದಿ, ಆಮೇಲೆ ಮದ್ದಿನ ಡಬ್ಬಿಯ ಮುಚ್ಚಳ ತೆಗೆಯಿರಿ.

ಉತ್ತರ: ಚರೆಕೋವಿ

ಹಿಂದಿನವರ ಲೆಕ್ಕಕ್ಕೆ ನನ್ನದೊಂದು ಸೇರ್ಪಡೆ. ಡಬ್ಬಿಯ ಗಾತ್ರ ನೋಡಿ ಅಂದಾಜು ಮಾಡಲು ಹೋಗಬೇಡಿ. ಮದ್ದನ್ನು ಮಾರುವುದು ತೂಕದಿಂದ, ಆದರೆ ಒಂದೊಂದು ಮದ್ದಿನ ಸಾಂದ್ರತೆ ಒಂದೊಂದು ಬಗೆ. ಐಎಂಆರ್ ಕಂಪನಿಯ ಟ್ರೇಲ್ ಬಾಸ್ ಎಂಬ ಮದ್ದು ಎಷ್ಟು ಹಗುರ ಮತ್ತು ಉಬ್ಬಿದ ಜಾತಿಯದೆಂದರೆ, ಬೇರೆ ಮದ್ದು ಒಂದು ಪೌಂಡ್ ಹಿಡಿಯುವ ಅಳತೆಯ ಡಬ್ಬಿಯಲ್ಲಿ ಅದು ಒಂಬತ್ತೇ ಔನ್ಸ್ ಬರುತ್ತಿತ್ತು. ಒಂಬತ್ತು ಔನ್ಸ್ ಎಂದರೆ 3937 ಗ್ರೇನ್. ಲೇಬಲ್ ಓದದೆ 7000 ಎಂದು ಹಿಡಿದವರ ಲೆಕ್ಕ ಅರ್ಧದ ಹತ್ತಿರಕ್ಕೆ ಕುಸಿಯುತ್ತದೆ. ಯುರೋಪಿನಲ್ಲಿರುವ ಓದುಗರಿಗೆ ಮದ್ದು ಕಿಲೋ ಲೆಕ್ಕದಲ್ಲಿ ಸಿಗುವುದರಿಂದ ಅವರು 15,432ವನ್ನು ಭಾಗಿಸಬೇಕು.

ನಾನು ಮುಖ್ಯವಾಗಿ ಹನ್ನೆರಡು ಗೇಜಿನ ಚರೆ ತೋಟೆಗಳನ್ನು ತುಂಬುವವನು. ಅಲ್ಲಿ ಇನ್ನೊಂದು ಹಳೆಯ ಅಳತೆ ಹೊಸಬರನ್ನು ದಾರಿ ತಪ್ಪಿಸುತ್ತದೆ. ಅಂಗಡಿಯ ತೋಟೆಗಳ ಪೆಟ್ಟಿಗೆಯ ಮೇಲೆ 2¾ ಡ್ರಾಮ್ ಎಂದು ಬರೆದಿರುತ್ತದೆ. ಒಂದು ಡ್ರಾಮ್ 27.34 ಗ್ರೇನ್ ಆದ್ದರಿಂದ ಗುಣಿಸಿದರೆ 75 ಗ್ರೇನ್ ಎಂದಾಗುತ್ತದೆ. ಆದರೆ ಆ ಪೆಟ್ಟಿಗೆಯೊಳಗಿನ ತೋಟೆಯಲ್ಲಿ ಅಷ್ಟು ಮದ್ದು ಇರುವುದಿಲ್ಲ. ಕಪ್ಪು ಮದ್ದಿನ ಕಾಲದಲ್ಲಿ ಅಷ್ಟು ಡ್ರಾಮ್ ಹಾಕಿದಾಗ ಚರೆಗೆ ಎಷ್ಟು ವೇಗ ಬರುತ್ತಿತ್ತೋ ಅಷ್ಟೇ ವೇಗವನ್ನು ಈ ತೋಟೆ ಕೊಡುತ್ತದೆ ಎಂದು ಹೇಳುವ ಸಂಕೇತ ಅದು. ಈಗಿನ ಹೊಗೆರಹಿತ ಮದ್ದಿನಲ್ಲಿ ಆ ವೇಗಕ್ಕೆ ಹದಿನೆಂಟು ಗ್ರೇನ್ ಆಸುಪಾಸು ಸಾಕಾಗುತ್ತದೆ. ಡ್ರಾಮನ್ನು ತೂಕವೆಂದು ಹಿಡಿದು ಎಪ್ಪತ್ತೈದು ಗ್ರೇನ್ ಹೊಗೆರಹಿತ ಮದ್ದನ್ನು ತುಂಬಿದರೆ ಕೋವಿಯ ನಳಿಗೆ ಒಡೆದು ಕೈ ಹೋಗುತ್ತದೆ.

ಹದಿನೆಂಟು ಗ್ರೇನಿನಂತೆ ಒಂದು ಪೌಂಡಿಗೆ 388 ತೋಟೆ. ಇಪ್ಪತ್ತೈದು ಪೌಂಡ್ ಚರೆಯ ಚೀಲದಿಂದ, ತೋಟೆಗೆ 1⅛ ಔನ್ಸಿನಂತೆ, 355 ತೋಟೆ. ಹಾಗಾಗಿ ಒಂದು ಡಬ್ಬಿ ಮದ್ದಿಗೆ ಒಂದು ಚೀಲ ಚರೆ ಸುಮಾರಾಗಿ ಜೋಡಿಯಾಗುತ್ತದೆ, ಸ್ವಲ್ಪ ಮದ್ದು ಉಳಿಯುತ್ತದೆ. ನೀವು ರೈಫಲಿಗೂ ಇದೇ ರೀತಿ ಹಿಂದುಮುಂದಾಗಿ ಲೆಕ್ಕ ಹಾಕಿ: ಎಷ್ಟು ಮದ್ದು ಎಂದು ಆರಂಭಿಸದೆ, ವರ್ಷಕ್ಕೆ ಎಷ್ಟು ಈಡು ಹಾರಿಸುತ್ತೀರಿ ಎಂದು ಆರಂಭಿಸಿ. ಮುನ್ನೂರು ಈಡು ಎಂದಾದರೆ 43 ಗ್ರೇನಿನಂತೆ 12,900 ಗ್ರೇನ್, ಅಂದರೆ ಎರಡು ಪೌಂಡಿಗೆ ತುಸು ಕಡಿಮೆ. ಗುಂಡು ನೂರರ ಪೆಟ್ಟಿಗೆಯಲ್ಲಿ ಮೂರು, ಪ್ರೈಮರ್ ನೂರರ ಪೊಟ್ಟಣದಲ್ಲಿ ಮೂರಕ್ಕಿಂತ ಒಂದು ಹೆಚ್ಚು.

ಉತ್ತರ: ಹಳೆಯ ತಕ್ಕಡಿ

ಆ ಎರಡು ಪೌಂಡಿನ ಲೆಕ್ಕ ಕಾಗದದ ಮೇಲೆ ಸರಿ. ಆದರೆ 14,000ದಲ್ಲಿ 12,900 ಹೋದರೆ ಉಳಿಯುವುದು 1100 ಗ್ರೇನ್, ಅಂದರೆ ಇಪ್ಪತ್ತೈದು ಈಡು ಮಾತ್ರ. ಹೊಸ ರೈಫಲಿಗೆ ಹದ ಹುಡುಕುವಾಗ ಕೈಪಿಡಿಯ ಕನಿಷ್ಠ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಮೇಲೇರುತ್ತ, ಪ್ರತಿ ಹಂತಕ್ಕೂ ಮೂರೋ ಐದೋ ತೋಟೆ ಹಾರಿಸಿ, ಚಿಪ್ಪಿನ ಮೇಲೆ ಒತ್ತಡದ ಗುರುತು ಕಾಣಿಸಿಕೊಳ್ಳುತ್ತದೆಯೇ ಎಂದು ನೋಡಬೇಕು; ಆ ಇಪ್ಪತ್ತೈದು ಅಲ್ಲಿಯೇ ಮುಗಿಯುತ್ತದೆ. ಇದರ ಮೇಲೆ ಅಳತೆಯ ಉಪಕರಣವನ್ನು ಹೊಂದಿಸುವಾಗ ಚೆಲ್ಲುವುದು, ಕೊಳವೆಯ ಗೋಡೆಗೆ ಅಂಟುವುದು ಇದ್ದೇ ಇದೆ. ಮೊದಲ ವರ್ಷಕ್ಕೆ ಮೂರು ಡಬ್ಬಿ ಎಂದುಕೊಳ್ಳಿ, ಮತ್ತು ಮೂರರ ಲಾಟ್ ಸಂಖ್ಯೆಯೂ (ಕಾರ್ಖಾನೆಯಲ್ಲಿ ಒಂದೇ ಸಲ ತಯಾರಾದ ಮದ್ದಿನ ಗುರುತು) ಒಂದೇ ಇರುವಂತೆ ಅಂಗಡಿಯಲ್ಲಿಯೇ ಡಬ್ಬಿ ತಿರುಗಿಸಿ ನೋಡಿ ಆರಿಸಿಕೊಳ್ಳಿ. ಒಂದೇ ಹೆಸರಿನ ಮದ್ದಾದರೂ ಲಾಟ್ ಬದಲಾದರೆ ಉರಿಯುವ ವೇಗದಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ; ಹೊಸ ಲಾಟ್ ತೆರೆದಾಗ ಸ್ವಲ್ಪ ಕೆಳಗಿಳಿದು ಮತ್ತೆ ಹದ ನೋಡಬೇಕಾಗುತ್ತದೆ, ಅದಕ್ಕೂ ಮದ್ದು ಖರ್ಚು. ಎಂಟು ಪೌಂಡ್ ಕ್ಯಾನಿನ ನಿಜವಾದ ಲಾಭ ಬೆಲೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಇದರಲ್ಲಿದೆ: ಒಮ್ಮೆ ಹದ ಸಿಕ್ಕರೆ ಸಾವಿರಕ್ಕೂ ಹೆಚ್ಚು ಈಡು ಅದೇ ಲಾಟ್‌ನಿಂದ ಬರುತ್ತದೆ. ಆದರೆ ಯಾವ ಮದ್ದು ತನ್ನ ರೈಫಲಿಗೆ ಒಗ್ಗುತ್ತದೆ ಎಂದೇ ತಿಳಿಯದ ಹೊಸಬರು ಮೊದಲ ದಿನವೇ ಎಂಟು ಪೌಂಡ್ ತರುವುದು ನನಗೆ ಸರಿಕಾಣುವುದಿಲ್ಲ.

ಅರ್ಧ ಮುಗಿದ ಡಬ್ಬಿಯಲ್ಲಿ ಇನ್ನೆಷ್ಟು ಈಡು ಉಳಿದಿದೆ ಎಂದು ತಿಳಿಯುವ ಉಪಾಯವನ್ನೂ ಹೇಳಿಬಿಡುತ್ತೇನೆ. ಮೊಹರು ತೆಗೆಯದ ಹೊಸ ಡಬ್ಬಿಯನ್ನು ಅಡುಗೆಮನೆಯ ಗ್ರಾಂ ತಕ್ಕಡಿಯ ಮೇಲಿಟ್ಟು ಒಟ್ಟು ತೂಕವನ್ನು ಮುಚ್ಚಳದ ಮೇಲೆ ಅಂಟಿಸಿದ ಟೇಪಿನಲ್ಲಿ ಬರೆದಿಡಿ. ಉದಾಹರಣೆಗೆ 540 ಗ್ರಾಂ ಬಂದರೆ ಅದರಲ್ಲಿ 454 ಮದ್ದು, 86 ಡಬ್ಬಿಯದು. ಕೆಲವು ತಿಂಗಳ ನಂತರ ಅದೇ ಡಬ್ಬಿ 300 ಗ್ರಾಂ ತೂಗಿದರೆ ಮದ್ದು 214 ಗ್ರಾಂ, ಅಂದರೆ 3302 ಗ್ರೇನ್, ಅಂದರೆ 76 ಈಡು. ಡಬ್ಬಿಯನ್ನು ಅಲುಗಾಡಿಸಿ ಅಂದಾಜು ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಈ ತೂಕ ಎಣಿಕೆಗೆ ಮಾತ್ರವಲ್ಲ, ತಪ್ಪು ಹಿಡಿಯುವುದಕ್ಕೂ ಒದಗುತ್ತದೆ. ಕುಳಿತು ಐವತ್ತು ತೋಟೆ ತುಂಬಿದ ನಂತರ, ಅಳತೆ ಕೊಳವೆಯಲ್ಲಿ ಉಳಿದದ್ದನ್ನು ಡಬ್ಬಿಗೆ ಸುರಿದು ತೂಗಿದರೆ 139 ಗ್ರಾಂ ಇಳಿದಿರಬೇಕು. 150 ಇಳಿದಿದ್ದರೆ ಸರಾಸರಿ 46 ಗ್ರೇನ್ ದಾಟಿದೆ ಎಂದರ್ಥ. ಎಲ್ಲೋ ಅಳತೆ ಜಾರಿದೆ, ಆ ಐವತ್ತನ್ನೂ ಬಿಚ್ಚಿ ನೋಡುವವರೆಗೆ ಹಾರಿಸುವಂತಿಲ್ಲ. ಆದರೆ ಈ ಉಪಾಯ ಪಿಸ್ತೂಲಿಗೆ ಸಾಲದು. 4.5 ಗ್ರೇನ್ ಎಂದರೆ 0.3 ಗ್ರಾಂ ಕೂಡ ಇಲ್ಲ. ಒಂದು ಚಿಪ್ಪಿಗೆ ಎರಡು ಸಲ ಮದ್ದು ಬಿದ್ದರೂ ಅಡುಗೆಮನೆಯ ತಕ್ಕಡಿಗೆ ಅದು ಕಾಣುವುದಿಲ್ಲ. ಟೈಟ್‌ಗ್ರೂಪ್‌ನಂಥ ಸಾಂದ್ರವಾದ ಪಿಸ್ತೂಲ್ ಮದ್ದು ಚಿಪ್ಪಿನ ತಳದಲ್ಲಿ ಅಷ್ಟೇ ಅಷ್ಟು ಕಾಣಿಸುವುದರಿಂದ ಎರಡು ಪಾಲು ಬಿದ್ದರೂ ಹೊರಗೆ ಉಕ್ಕುವುದಿಲ್ಲ. ಆದ್ದರಿಂದ ಚಿಪ್ಪುಗಳನ್ನು ಮರದ ಹಲಗೆಯ ಗುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮೊದಲು ಟಾರ್ಚ್ ಬೆಳಕಿನಲ್ಲಿ ಒಂದೊಂದರ ಒಳಗೂ ಇಣುಕಿ ಮದ್ದಿನ ಮಟ್ಟ ಒಂದೇ ಸಮ ಇದೆಯೇ ಎಂದು ನೋಡಬೇಕು. ಒಂದು ಪೌಂಡಿಗೆ ಸಾವಿರದೈನೂರು ಕೊಡುವ ಮದ್ದು ಅಗ್ಗವೆನಿಸುವುದಕ್ಕೂ, ಅದು ಹೆಚ್ಚು ಎಚ್ಚರಿಕೆ ಬೇಡುವುದಕ್ಕೂ ಕಾರಣ ಒಂದೇ.

ಕೆಲಸ ಮುಗಿದ ಕೂಡಲೇ ಕೊಳವೆ ಖಾಲಿಯಾಗಬೇಕು. ಮದ್ದನ್ನು ಅದರಲ್ಲಿಯೇ ಬಿಟ್ಟರೆ ನೈಟ್ರೋಗ್ಲಿಸರಿನ್ ಇರುವ ಬಗೆಯದು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಮತ್ತು ಮುಂದಿನ ವಾರ ಅದು ಯಾವ ಮದ್ದು ಎಂಬುದು ನೆನಪಿರುವುದಿಲ್ಲ. ಯಾವುದೆಂದು ಖಚಿತವಿಲ್ಲದ ಮದ್ದನ್ನು ಯಾವ ಡಬ್ಬಿಗೂ ಸುರಿಯಬಾರದು.

ಉತ್ತರ: ಕೇಪಿನ ಕೋವಿ

ನಾನೂ ನಿಮ್ಮ ರಾಜ್ಯದವನೇ. ಡಿಸೆಂಬರ್ 26ರ ನಂತರದ ಫ್ಲಿಂಟ್‌ಲಾಕ್ (ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಕೋವಿ) ಋತುವಿಗೆಂದು ಬಾಯಿಂದ ಮದ್ದು ತುಂಬುವ ಕೋವಿ ಇಟ್ಟುಕೊಂಡಿದ್ದೇನೆ. ಮೂಲ ಪ್ರಶ್ನೆ ತೋಟೆಯದಾದರೂ ಕಪ್ಪು ಮದ್ದಿನ ಲೆಕ್ಕ ಬೇರೆ ಎಂಬುದನ್ನು ಇಲ್ಲಿ ದಾಖಲಿಸಿದರೆ ಮುಂದೆ ಹುಡುಕುವವರಿಗೆ ಅನುಕೂಲ. ನಾವು ತೂಗುವುದಿಲ್ಲ, ಹಿತ್ತಾಳೆಯ ಅಳತೆಕೊಳವೆಯಿಂದ ಅಳೆಯುತ್ತೇವೆ. ಕೊಳವೆಯ ಮೇಲಿನ ಗೀಟುಗಳಿಗೂ ಗ್ರೇನ್ ಎಂದೇ ಹೆಸರು, ಆದರೆ ಅದು ಕಪ್ಪು ಮದ್ದು ಅಷ್ಟು ತೂಗುವಾಗ ಹಿಡಿಯುವ ಜಾಗದ ಅಳತೆ. ಕಪ್ಪು ಮದ್ದಿಗೆ ಎರಡೂ ಹೆಚ್ಚುಕಡಿಮೆ ಒಂದೇ ಆದ್ದರಿಂದ 100ರ ಗೀಟಿಗೆ ತುಂಬುವವರಿಗೆ ಪೌಂಡಿಗೆ 70 ಈಡು ಸಿಗುತ್ತದೆ, 80ರ ಗೀಟಿನವರಿಗೆ 87.

ಅದೇ ಕೊಳವೆಯಿಂದ ಕಪ್ಪು ಮದ್ದಿನ ಬದಲಿಯಾದ ಪೈರೋಡೆಕ್ಸ್ ಅಳೆದರೆ ತೂಕ ಸುಮಾರು ಮೂರನೇ ಒಂದರಷ್ಟು ಕಡಿಮೆ ಬರುತ್ತದೆ, ಹಾಗಾಗಿ ಅದೇ ಒಂದು ಪೌಂಡ್ ನೂರರ ಹತ್ತಿರಕ್ಕೆ ಹೋಗುತ್ತದೆ. ಇದನ್ನು ತಿಳಿಯದೆ ತಕ್ಕಡಿಯಲ್ಲಿ ನೂರು ಗ್ರೇನ್ ತೂಗಿ ಹಾಕಿದರೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಹಾಕಿದಂತಾಗುತ್ತದೆ. ಫ್ಲಿಂಟ್‌ಲಾಕಿಗೆ ಮಾತ್ರ ನಿಜವಾದ ಕಪ್ಪು ಮದ್ದೇ ಬೇಕು, ಏಕೆಂದರೆ ಬದಲಿ ಮದ್ದುಗಳು ಕಲ್ಲಿನ ಕಿಡಿಗೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಕಪ್ಪು ಮದ್ದಿಗೆಂದು ಮಾಡಿದ ಕೋವಿಗೆ ಹೊಗೆರಹಿತ ಮದ್ದನ್ನು ಒಂದು ಚಿಟಿಕೆಯೂ ಹಾಕುವಂತಿಲ್ಲ.

ಪ್ರಶ್ನೆ ಕೇಳಿದವರು: ಪೆನ್ಸಿಲ್ವೇನಿಯಾದ ಹೊಸಬ

ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ .308ಕ್ಕೆ ಒಂದೇ ಲಾಟ್‌ನ ಮೂರು ಡಬ್ಬಿ, 9 ಎಂಎಂಗೆ ಒಂದು ಡಬ್ಬಿ ಎಂದು ನಿರ್ಧರಿಸಿದ್ದೇನೆ. ಉಳಿದಿರುವುದು ಎರಡು ಸಂದೇಹ. ಅಭ್ಯಾಸಕ್ಕೆ ಜೋರು ಬೇಕಿಲ್ಲವಾದ್ದರಿಂದ ಕೈಪಿಡಿಯ ಕನಿಷ್ಠಕ್ಕಿಂತಲೂ ಇಳಿದು, ಮೂವತ್ತು ಗ್ರೇನ್ ಹಾಕಿ, ಪೌಂಡಿಗೆ 233 ತೋಟೆ ಮಾಡಿಕೊಳ್ಳಬಹುದೇ? ಮತ್ತು ಇಷ್ಟು ಮದ್ದನ್ನು ಮನೆಯಲ್ಲಿಡಲು ಮಿತಿ ಇದೆಯೇ?

ಉತ್ತರ: ಹಳೆಯ ತಕ್ಕಡಿ

ಮೊದಲನೆಯದಕ್ಕೆ ಉತ್ತರ ಬೇಡ ಎಂದೇ. ಕಡಿಮೆ ಹಾಕಿದರೆ ಅಪಾಯವೂ ಕಡಿಮೆ ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ನಿಧಾನವಾಗಿ ಉರಿಯುವ ಮದ್ದು ದೊಡ್ಡ ಚಿಪ್ಪಿನಲ್ಲಿ ಅರೆಬರೆ ತುಂಬಿದ್ದಾಗ ಸರಿಯಾಗಿ ಹೊತ್ತಿಕೊಳ್ಳದೆ ಗುಂಡು ನಳಿಗೆಯ ಮಧ್ಯದಲ್ಲಿ ಸಿಕ್ಕಿಕೊಳ್ಳಬಹುದು. ಅದನ್ನು ಗಮನಿಸದೆ ಇನ್ನೊಂದು ಹಾರಿಸಿದರೆ ನಳಿಗೆ ಸೀಳುತ್ತದೆ. ಕೆಲವು ಸಂದರ್ಭಗಳಲ್ಲಿ ಒತ್ತಡ ಇಳಿಯುವ ಬದಲು ಒಮ್ಮೆಲೇ ಏರಿ ರೈಫಲ್ ಒಡೆದದ್ದೂ ಇದೆ. ಎಚ್110 ಮತ್ತು ವಿಂಚೆಸ್ಟರ್ 296 ಎಂಬ ಮದ್ದುಗಳ ವಿಷಯದಲ್ಲಂತೂ ಪ್ರಕಟಿತ ಗರಿಷ್ಠ ಪ್ರಮಾಣದಿಂದ ಶೇಕಡಾ 3ಕ್ಕಿಂತ ಹೆಚ್ಚು ಇಳಿಸಬಾರದೆಂದು ಹಾಜ್‌ಡನ್ ಕಂಪನಿಯೇ ಎಚ್ಚರಿಸಿದೆ. ಸೌಮ್ಯವಾದ ಅಭ್ಯಾಸದ ತೋಟೆ ಬೇಕೆಂದರೆ ಅದಕ್ಕೆಂದೇ ಪರೀಕ್ಷಿಸಿ ಪ್ರಕಟಿಸಿದ, ಬೇರೆಯೇ ಮದ್ದು ಬಳಸುವ ಪ್ರಮಾಣಗಳಿವೆ; ಅವುಗಳಿಂದ ಪೌಂಡಿಗೆ ಹೆಚ್ಚು ತೋಟೆ ಸಿಗುವುದೂ ನಿಜ.

ಎರಡನೆಯದು: ಮೂಲ ಡಬ್ಬಿಗಳಲ್ಲಿಯೇ ಇರುವ ಹೊಗೆರಹಿತ ಮದ್ದನ್ನು ಮನೆಯಲ್ಲಿ 20 ಪೌಂಡ್‌ವರೆಗೆ ಇಡಬಹುದೆಂದೂ, ಅದನ್ನು ಮೀರಿ 50 ಪೌಂಡ್‌ವರೆಗೆ ಕನಿಷ್ಠ ಒಂದು ಇಂಚು ದಪ್ಪದ ಮರದ ಪೆಟ್ಟಿಗೆಯಲ್ಲಿಡಬೇಕೆಂದೂ ಅಗ್ನಿಸುರಕ್ಷತೆಯ ಎನ್‌ಎಫ್‌ಪಿಎ 495 ಸಂಹಿತೆ ಹೇಳುತ್ತದೆ. ಪ್ರೈಮರಿಗೆ ಮಿತಿ 10,000. ಕೆಲವು ಊರುಗಳಲ್ಲಿ ಇದಕ್ಕಿಂತ ಬಿಗಿಯಾದ ನಿಯಮಗಳಿವೆ, ಬಾಡಿಗೆ ಮನೆಯಾದರೆ ಕರಾರುಪತ್ರವನ್ನೂ ನೋಡಿ. ಮರದ ಪೆಟ್ಟಿಗೆಯೇ ಏಕೆಂದರೆ, ಬೆಂಕಿ ಬಿದ್ದಾಗ ಮದ್ದು ಸುಮ್ಮನೆ ಉರಿದುಹೋಗಬೇಕು. ಗಾಳಿಯಾಡದ ಗಟ್ಟಿ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟರೆ ಅದು ಬಾಂಬಿನಂತೆ ಸಿಡಿಯುತ್ತದೆ.

ಉತ್ತರ: ಚರೆಕೋವಿ

ಇದನ್ನು ಓದುತ್ತಿರುವ ನಮ್ಮವರಲ್ಲಿ ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿರುವವರು ಬಹಳ ಮಂದಿ ಇರುವುದರಿಂದ ಕಾನೂನಿನ ಒಂದು ಮಾತು. ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳಲು ಅಮೆರಿಕದ ಒಕ್ಕೂಟ ಕಾನೂನು ಪರವಾನಗಿ ಕೇಳುವುದಿಲ್ಲ, ಮಾರುವುದಾದರೆ ಬೇಕು. ಆದರೆ ವಲಸೆಯೇತರ ವೀಸಾದಲ್ಲಿರುವವರು ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವಂತಿಲ್ಲ. ಮುಖ್ಯವಾದ ವಿನಾಯಿತಿ, ಯಾವುದಾದರೂ ರಾಜ್ಯ ನೀಡಿದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇರುವವರಿಗೆ. ಅದೇ ಕಾನೂನಿನ ವ್ಯಾಖ್ಯೆಯಲ್ಲಿ ಮದ್ದುಗುಂಡು ಎಂದರೆ ಸಿದ್ಧ ತೋಟೆ ಮಾತ್ರವಲ್ಲ, ಚಿಪ್ಪು, ಪ್ರೈಮರ್, ಗುಂಡು, ಮದ್ದು ಎಲ್ಲವೂ ಸೇರುತ್ತವೆ. ಹಾಗಾಗಿ ಕೋವಿಯೇ ಇಲ್ಲದಿದ್ದರೂ ಮೊಹರು ತೆಗೆಯದ ಒಂದು ಡಬ್ಬಿ ಸಾಕು ತೊಂದರೆಗೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿರ್ಬಂಧವಿಲ್ಲ.

ಊರಿಗೆ ಹೊರಡುವಾಗ ಮೈದಾನಕ್ಕೆ ಒಯ್ಯುವ ಬೆನ್ನುಚೀಲವನ್ನು ವಿಮಾನಕ್ಕೆ ತರಲೇಬೇಡಿ. ಮದ್ದನ್ನೂ ಪ್ರೈಮರನ್ನೂ ಕೈಚೀಲದಲ್ಲಿಯೂ ದೊಡ್ಡ ಪೆಟ್ಟಿಗೆಯಲ್ಲಿಯೂ ಒಯ್ಯುವುದು ಇಲ್ಲಿ ನಿಷಿದ್ಧ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮದ್ದುಗುಂಡು ಇಟ್ಟುಕೊಳ್ಳುವುದಕ್ಕೂ ತಯಾರಿಸುವುದಕ್ಕೂ ಪರವಾನಗಿ ಬೇಕು, ಚೀಲದ ಜೇಬಿನ ಮೂಲೆಯಲ್ಲಿ ಮರೆತ ಒಂದೇ ಒಂದು ತೋಟೆಗೂ ವಿಮಾನ ನಿಲ್ದಾಣದಲ್ಲಿ ಪ್ರಕರಣ ದಾಖಲಾಗುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2019ರಲ್ಲಿ ಹತ್ತು ವರ್ಷ ವಿಸ್ತರಣೆಗೊಂಡ ವಿನಾಯಿತಿಯು ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು. ಅದನ್ನು ನಂಬಿಕೊಂಡು ಊರಿನಲ್ಲಿ ಈ ತೋಟೆ ತುಂಬುವ ಯಂತ್ರವನ್ನು ಮೇಜಿಗೆ ಬಿಗಿಯಲು ಹೋಗಬೇಡಿ.